ಗೋದಾಮಿನ ಜಾಗದಲ್ಲಿದ್ದ ಊರು

ನನ್ನ ಮಗಳು ರಾಲಿತ್ಸಾ ಅಗೆಯದೆಯೇ ನೆಲದೊಳಗೆ ಏನಿದೆ ಎಂದು ಹೇಳುತ್ತಾಳೆ. ಇದನ್ನು ಊರಿನಲ್ಲಿ ಹೇಳಿದರೆ, "ಹಾಗಾದ್ರೆ ಕಣಿ ಹೇಳ್ತಾಳೆ ಅನ್ನು, ಪೆನ್ಕೊ" ಎಂದು ನಗುವವರೇ ಹೆಚ್ಚು. ಹಿತ್ತಲ ಗಿಡ ಮದ್ದಲ್ಲ. ನಗಲಿ, ಅವರ ಮಕ್ಕಳು ಏನು ಮಾಡುತ್ತಿದ್ದಾರೆಂದು ನನಗೂ ಗೊತ್ತಿದೆ.

ಈ ಮಾರ್ಚ್‌ನಲ್ಲಿ ಯಾಂಬೋಲ್ ಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಹೊಲದಲ್ಲಿ ಗೋದಾಮು ಕಟ್ಟಲು ಒಂದು ಕಂಪನಿ ಬಂತು. ಕಟ್ಟುವ ಮುಂಚೆ ಕೆಳಗೆ ಹಳೆಯದೇನಾದರೂ ಹೂತಿದೆಯೇ ಎಂದು ನೋಡಲೇಬೇಕು, ಅದು ಕಾನೂನು. ಮ್ಯೂಸಿಯಂನವರು ತಮ್ಮಲ್ಲಿ ಕೆಲಸಕ್ಕಿರುವ ರಾಲಿತ್ಸಾಳನ್ನು ಕಳಿಸಿದರು. ಅವಳೊಬ್ಬಳೇ ಹೊಣೆ ಹೊತ್ತ ಮೊದಲ ಕೆಲಸ ಅದು. ಆ ಹೊಲವನ್ನು ನಾನು ಸಹಕಾರಿ ಸಂಘದ ಟ್ರ್ಯಾಕ್ಟರಿನಲ್ಲಿ ಅರ್ಧ ಆಯುಷ್ಯ ಉತ್ತವನು. ಒಂದು ಮಡಕೆ ಚೂರಿಗೂ ಬಗ್ಗಿ ನೋಡಿದವನಲ್ಲ. ನಡೆಯುವ ಸಾಲು ನೇರವಾಗಿರಲು ಹಗ್ಗ ಹಿಡಿಯುವ ಜನ ಬೇಕು ಎಂದಳು, ಹೋದೆ.

ಅವಳ ಯಂತ್ರವೆಂದರೆ ಹೆಗಲಿಗೆ ಪಟ್ಟಿ ಹಾಕಿ ಹಿಡಿಯುವ ಎರಡು ಉದ್ದದ ಕೊಳವೆ. ಸುಟ್ಟ ಮಣ್ಣಿಗೂ ಮುಚ್ಚಿಹೋದ ಕಂದಕಕ್ಕೂ ಸುತ್ತಲಿನ ನೆಲಕ್ಕಿಂತ ಹೆಚ್ಚು ಕಾಂತಶಕ್ತಿ ಇರುತ್ತದಂತೆ. ಆ ವ್ಯತ್ಯಾಸವನ್ನು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಹಿಡಿದವರ ಮೈಮೇಲಾಗಲಿ ಹತ್ತಿರದವರ ಮೈಮೇಲಾಗಲಿ ಕಬ್ಬಿಣ ಇರಕೂಡದು. ನನ್ನ ಬೆಲ್ಟು, ಕೀಲಿಕೈ ಎಲ್ಲ ಕಾರಿನಲ್ಲಿ ಉಳಿದವು.

"ಅಪ್ಪ, ಪ್ಯಾಂಟು ಜಾರ್ತಿದೆ" ಎಂದಳು.

"ಬೆಲ್ಟು ಕಿತ್ಕೊಂಡೋಳು ನೀನೇ ತಾನೆ" ಎಂದು ಹಗ್ಗದ ತುಂಡೊಂದನ್ನು ಸೊಂಟಕ್ಕೆ ಕಟ್ಟಿಕೊಂಡೆ.

ಒಂದು ಸಾಲಿನಲ್ಲಿ ಹೋಗಿ ಪಕ್ಕದ ಸಾಲಿನಲ್ಲಿ ಬಂದು, ಇಡೀ ಹೊಲ ನಡೆದಳು. ಸಂಜೆ ಕಂಪ್ಯೂಟರಿನಲ್ಲಿ ಚಿತ್ರ ಮೂಡಿದಾಗ ಬರೀ ಪಟ್ಟೆ. ಹೋದ ಸಾಲೆಲ್ಲ ಕಪ್ಪು, ಬಂದ ಸಾಲೆಲ್ಲ ಬಿಳಿ.

ಕಂಪನಿಯ ಎಂಜಿನಿಯರ್ ಕಾಲೊಯನ್ ಬಗ್ಗಿ ನೋಡಿದ. "ಏನಮ್ಮ, ಒಳಗೆ ಜೀಬ್ರಾ ಮಲಗಿದೆಯಾ? ಏನೂ ಇಲ್ಲ ಅಂತ ಬರ್ಕೊಟ್ಬಿಡಿ. ಸೋಮವಾರ ಜೆಸಿಬಿ ಬರುತ್ತೆ."

ನನಗೆ ಮೈಯೆಲ್ಲ ಉರಿಯಿತು. ರಾಲಿತ್ಸಾ ಮಾತ್ರ ಚಿತ್ರದಿಂದ ಕಣ್ಣು ಕೀಳಲಿಲ್ಲ. ದಾರಿಯಲ್ಲಿ, "ಈ ಪಟ್ಟೆ ನೆಲದ್ದಲ್ಲಪ್ಪ, ನಂದು. ನಾನು ತಿರುಗಿದ ಹಾಗೆಲ್ಲ ಬಣ್ಣ ತಿರುಗಿದೆ. ನನ್ನ ಮೈಮೇಲೆ ಎಲ್ಲೋ ಕಬ್ಬಿಣ ಇದೆ" ಎಂದಳು.

ಮನೆಗೆ ಬಂದವಳೇ ಅಂಗಿಯಿಂದ ಕಾಲುಚೀಲದವರೆಗೆ ತಡಕಿದಳು. ದಪ್ಪ ಜಾಕೀಟಿನ ಒಳಗೆ, ಕಂಕುಳ ಹತ್ತಿರ, ಕೆಂಪು ಬಿಳಿ ದಾರದ ಗೊಂಡೆಯೊಂದು ಪಿನ್ನಿನಲ್ಲಿ ಸಿಕ್ಕಿಸಿಕೊಂಡು ಕುಳಿತಿತ್ತು. ಒಳ್ಳೆಯದಾಗಲೆಂದು ಮಾರ್ಚ್ ಒಂದರಂದು ನಾವೆಲ್ಲ ಹಾಕಿಕೊಳ್ಳುವ ಮಾರ್ತೆನಿತ್ಸಾ.

"ಅಮ್ಮ, ಇದೇನು?"

"ಕೆಲಸದಲ್ಲಿ ಹಾಕ್ಕೊಳಲ್ಲ ಅಂದ್ಯಲ್ಲ, ಅದಕ್ಕೇ ಕಾಣದ ಹಾಗೆ ಹಾಕ್ದೆ" ಎಂದಳು ನನ್ನ ಹೆಂಡತಿ ಡೊಬ್ರಿಂಕಾ. "ಮೊದಲನೇ ಕೊಕ್ಕರೆ ಕಾಣೋವರ್ಗೂ ಅದನ್ನ ತೆಗೀಬಾರ್ದು."

"ನಿನ್ನ ಪಿನ್ನು ಇಡೀ ಹೊಲ ಕೆಡಿಸ್ತಲ್ಲಮ್ಮ."

"ಒಂದು ಪಿನ್ನಿಗೆ ಹೆದರೋದು ಅದೆಂಥ ಯಂತ್ರನೇ?"

ನನಗೆ ನಗು ಬಂತು. ಇಬ್ಬರೂ ನನ್ನ ಕಡೆ ತಿರುಗಿದರು, ನುಂಗಿಕೊಂಡೆ. ಕೊನೆಗೆ ಡೊಬ್ರಿಂಕಾಳೇ ಪಿನ್ನು ಬಿಚ್ಚಿ ಗೊಂಡೆಯನ್ನು ಜಾಕೀಟಿಗೆ ಹೊಲಿದಳು. ಸೂಜಿ ಒಳಗೆ ಉಳಿದಿಲ್ಲವೆಂದು ಮಗಳಿಗೆ ತೋರಿಸಿದಳು ಕೂಡ, ಸಿಡುಕುತ್ತಲೇ.

ಮರುದಿನ ರಾಲಿತ್ಸಾ ನೇರವಾಗಿ ಕಾಲೊಯನ್‌ನ ಮುಂದೆ ನಿಂತಳು. "ನಿನ್ನೆ ಚಿತ್ರ ಕೆಟ್ಟಿದ್ದು ನನ್ನಿಂದ. ಪೂರ್ತಿ ಮತ್ತೆ ನಡೀತೀನಿ."

ತಾಯಿಯ ಹೆಸರೆತ್ತಲಿಲ್ಲ, ಯಂತ್ರದ ಮೇಲೂ ಹೊರಿಸಲಿಲ್ಲ. ಅವಳ ಅಪ್ಪನೆಂಬುದಕ್ಕೆ ಅಂದು ನನಗೆ ಆದಷ್ಟು ಹೆಮ್ಮೆ ಅವಳ ಪದವಿಯ ದಿನವೂ ಆಗಿರಲಿಲ್ಲ.

ಕಾಲೊಯನ್ ಭಾನುವಾರದ ಗಡುವು ಕೊಟ್ಟ. ಮಳೆ ಬಿದ್ದ ಕರಿಮಣ್ಣು ಬೂಟಿಗೆ ಮೆತ್ತಿ ಹೆಜ್ಜೆ ಎತ್ತಲು ಬಿಡುತ್ತಿರಲಿಲ್ಲ. ಹಗ್ಗ ಬದಲಿಸುವಷ್ಟರಲ್ಲೇ ನನ್ನ ಸೊಂಟ ಹೋಯಿತು. ಅವಳು ಮಾತ್ರ ನಡಿಗೆಯ ಲಯ ತಪ್ಪಿಸದೆ ಇಡೀ ಹೊಲ ಮುಗಿಸಿದಳು.

ಈ ಸಲ ಪಟ್ಟೆ ಇರಲಿಲ್ಲ. ಸುತ್ತ ಒಂದು ದುಂಡನೆಯ ಕಂದಕ, ಒಳಗೆ ಸಾಲು ಸಾಲು ಚೌಕಗಳು, ನಡುವೆ ಓಣಿಗಳು.

"ಇದು ಊರಪ್ಪ" ಎಂದಳು ಮೆಲ್ಲಗೆ. "ಬೆಂಕಿ ಬಿದ್ದ ಊರು. ಮನೆ ಎಲ್ಲ ಸುಟ್ಟಿದ್ದರಿಂದಲೇ ಇಷ್ಟು ಚೆನ್ನಾಗಿ ಕಾಣ್ತಿದೆ."

ಸೋಮವಾರ ಜೆಸಿಬಿ ಬಂತು. ಕಾಲೊಯನ್ ಚಿತ್ರ ನೋಡಿ ತುಟಿ ಕೊಂಕಿಸಿದ. "ಒಂದು ಸಲ ತಪ್ಪು ಅಂತ ನೀವೇ ಒಪ್ಕೊಂಡ್ರಿ. ಇದನ್ನ ಹೇಗೆ ನಂಬೋದು?"

ಅವಳು ಹೊಲದ ನಡುವೆ ಹೋಗಿ ಒಂದು ಮರದ ಗೂಟ ನೆಟ್ಟಳು. "ಇಲ್ಲಿ ಮೇಲುಮಣ್ಣು ಕೆರೆಸಿ. ಇದು ಒಂದು ಮನೆ ಮೂಲೆ. ಇಲ್ಲಿ ಗೋಡೆ ಸಿಗದಿದ್ರೆ, ನಿಮಗೆ ಬೇಕಾದ್ದನ್ನ ಬರ್ಕೊಟ್ಟು ಹೋಗ್ತೀನಿ."

ಆ ಗೂಟ ಒಂದು ಮೊಳ ಆಚೀಚೆಯಾಗಿದ್ದರೂ ಊರಿಗೆ ಊರೇ ಕಾಂಕ್ರೀಟಿನ ಕೆಳಗೆ ಹೋಗುತ್ತಿತ್ತು, ಅವಳ ಹೆಸರೂ ಜೊತೆಗೆ. ಜೆಸಿಬಿ ಕರಿಮಣ್ಣನ್ನು ತೆಳುವಾಗಿ ಕೆರೆಯಿತು. ಮತ್ತೆ ಕೆರೆಯಿತು. ಕೆಳಗೆ ಇಟ್ಟಿಗೆಯಷ್ಟು ಕೆಂಪಗೆ ಸುಟ್ಟ ಮಣ್ಣಿನ ಗೋಡೆ ಕಾಣಿಸಿತು, ಗೂಟದ ಬಳಿಯೇ ತಿರುವು ತೆಗೆದುಕೊಂಡಿತ್ತು. ಪಕ್ಕದಲ್ಲಿ ಸಾರಿಸಿದ ನೆಲದ ಒಂದು ತುಂಡು.

ಚಾಲಕ ತಾನಾಗಿಯೇ ಎಂಜಿನ್ ಆರಿಸಿದ. ಕಾಲೊಯನ್ ಹತ್ತಿರದಿಂದ ನೋಡಲು ಗುಂಡಿಗೆ ಕಾಲಿಡಲು ಹೋದ.

"ಬೂಟು ಬಿಚ್ರೀ" ಎಂದೆ.

"ಯಾಕೆ?"

"ಮನೆ ಅಂತ ನನ್ನ ಮಗಳು ಹೇಳಿದ್ಲಲ್ಲ. ನಮ್ಮೂರಲ್ಲಿ ಮಣ್ಣುಗಾಲಲ್ಲಿ ಯಾರ ಮನೆಯೊಳಗೂ ಹೋಗಲ್ಲ."

ಅವನು ರಾಲಿತ್ಸಾಳ ಮುಖ ನೋಡಿದ, ಬೇಡ ಎಂದಾಳೇನೋ ಎಂದು. ಅವಳು ಅವನ ಬೂಟನ್ನೇ ನೋಡಿದಳು. ಎಂಜಿನಿಯರ್ ಸಾಹೇಬರು ಗುಂಡಿಯ ಅಂಚಿನಲ್ಲಿ ಕುಳಿತು ಲೇಸು ಬಿಚ್ಚತೊಡಗಿದರು.