ಹೋಲ್ಟ್‌ಮನ್ ಪಟದ ಮೂವತ್ತೊಂದು ಹೆಸರುಗಳು

ಹೆಲೆನ್ ಎಂಬ ಹೆಸರು ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತದೆ ಎಂದು ಒಂದು ಭಾನುವಾರ ಎಣಿಸಿದೆ. ಬೆಳಗಿನ ಚಹಾದಿಂದ ಸಂಜೆಯ ಗಂಜಿಯವರೆಗೆ ಹತ್ತೊಂಬತ್ತು ಸಲ. ಗಂಡನ ಬಾಯಲ್ಲಿ ನನ್ನ ಹೆಸರು ಎರಡೇ ಸಲ ಬಂತು. ಒಮ್ಮೆ ಕನ್ನಡಕ ಎಲ್ಲಿ ಎಂದು ಕೇಳುವುದಕ್ಕೆ, ಇನ್ನೊಮ್ಮೆ ಚಟ್ನಿಗೆ ಉಪ್ಪು ಸಾಲದು ಎಂದು ಹೇಳುವುದಕ್ಕೆ. ನನಗೆ ಆದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಇಡಲು ನನಗೆ ಬರುವುದಿಲ್ಲ.

ಹೆಲೆನ್ ನಮ್ಮ ಎದುರು ಮನೆಯವಳು. ನಾವು ಕ್ವೇಕರ್ಸ್ ಹಿಲ್‌ನ ಆ ರಸ್ತೆಗೆ ಬಂದ ದಿನವೇ ಕೇಕ್ ಹಿಡಿದುಕೊಂಡು ಬಂದು ಪರಿಚಯ ಮಾಡಿಕೊಂಡವಳು. ಅರವತ್ತು ದಾಟಿದ ವಿಧವೆ, ರಿಟೈರ್ಡ್ ಟೀಚರು, ನಮ್ಮಲ್ಲಿಂದ ಕಾರಿನಲ್ಲಿ ಹತ್ತು ತಾಸು ದೂರದ ಮೆಲ್ಬರ್ನ್‌ನಲ್ಲಿ ಹುಟ್ಟಿ ಬೆಳೆದವಳು. ತವರಿನ ಹೆಸರು ಹೋಲ್ಟ್‌ಮನ್. ನೂರೈವತ್ತು ವರ್ಷಗಳ ಹಿಂದೆ ಜರ್ಮನಿಯ ಯಾವುದೋ ಹಳ್ಳಿಯಿಂದ ಒಬ್ಬ ಅಣ್ಣ, ಒಬ್ಬಳು ತಂಗಿ ಹೊರಟಿದ್ದರಂತೆ. ಅಣ್ಣ ಯೋಹಾನ್ ಮೆಲ್ಬರ್ನ್‌ನ ಹಡಗು ಹತ್ತಿದ, ತಂಗಿ ಕಥರೀನಾ ಅಮೆರಿಕದ ಹಡಗು ಹತ್ತಿದಳು. ಅಣ್ಣನ ಸಂತಾನ ಹೆಲೆನಳ ಮನೆಯವರು. ತಂಗಿ ಏನಾದಳು ಎಂದು ಯಾರಿಗೂ ತಿಳಿಯದು. ಹೆಲೆನಳ ತಂದೆ ಹುಡುಕಿ ಸೋತರು. ಆಮೇಲೆ ಇವಳೂ ಇಪ್ಪತ್ತು ವರ್ಷ ಹುಡುಕಿದಳು.

ನನ್ನ ಗಂಡ ಮೋಹನದಾಸರು ಬೆನ್ನುನೋವಿನಿಂದಾಗಿ ಕಾಗದ ವಿಂಗಡಿಸುವ ಅಂಚೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು, ಆ ಹುಡುಕಾಟಕ್ಕೆ ಕೈಜೋಡಿಸಿದರು. ನಾನು ಬ್ಲ್ಯಾಕ್‌ಟೌನ್‌ನ ಒಂದು ವೃದ್ಧಾಶ್ರಮದಲ್ಲಿ ಶಿಫ್ಟ್ ಮಾಡುತ್ತಿದ್ದೆ. ಮಗ ಪ್ರೀತಮ್ ಯೂನಿವರ್ಸಿಟಿಗೆ ಹೋಗುತ್ತಿದ್ದ. ಹಾಗಾಗಿ ನಾನಿಲ್ಲದ ಹೊತ್ತಿನಲ್ಲಿ ನನ್ನ ಊಟದ ಮೇಜಿನ ಮೇಲೆ ಹೆಲೆನಳ ಕಾಗದಗಳು ಹರಡಿಕೊಂಡವು. ಮೇಜಿನ ಆಚೆ ಬದಿಗೆ ಹೆಲೆನ್, ಈಚೆ ಬದಿಗೆ ನನ್ನ ಗಂಡ. ಮೂವತ್ತು ವರ್ಷದಲ್ಲಿ ಇವರು ಒಂದು ದಿನ ನನ್ನ ಎದುರು ಕೂತು ಒಂದು ತಾಸು ಮಾತಾಡಿದ್ದು ನನಗೆ ನೆನಪಿಲ್ಲ.

ಆರು ತಿಂಗಳು ಹುಡುಕಿದರೂ ಕಥರೀನಾ ಸಿಗಲಿಲ್ಲ. ಅಮೆರಿಕದಲ್ಲಿ ಹೋಲ್ಟ್‌ಮನ್ ಎಂಬ ಹೆಸರಿನವರಿಗೆಲ್ಲ ಇಮೇಲ್ ಹೋಯಿತು, ಎಲ್ಲರೂ ತಾವಲ್ಲ ಎಂದರು. ಒಂದು ದಿನ ಮೀನು ಕ್ಲೀನ್ ಮಾಡುತ್ತ ನಾನೇ ಸಿಡುಕಿದೆ, ತುಳುವಿನಲ್ಲಿ. ಮದುವೆಯಾಗಿ ಹೋದ ಹೆಣ್ಣನ್ನು ಅಪ್ಪನ ಹೆಸರು ಹಿಡಿದು ಹುಡುಕಿದರೆ ಸಿಗುತ್ತಾಳಾ, ಅವಳ ಮಗಳು ಯಾರು, ಆ ಮಗಳ ಮಗಳು ಯಾರು ಎಂದು ಕೇಳಬೇಡವಾ ಎಂದೆ. ನಮ್ಮಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು. ಮಗಳ ಮಕ್ಕಳು ನಮ್ಮವರು, ಮಗನ ಮಕ್ಕಳು ಅವರ ತಾಯಿಯ ಮನೆಯವರು. ಊರಿನಲ್ಲಿ ಕುಟುಂಬದ ನಾಗನಿಗೂ ದೈವಕ್ಕೂ ಸೇರಿದವರ ಪಟ್ಟಿಯನ್ನು ಹಾಗೆಯೇ ಬರೆಯುತ್ತಾರೆ. ಮೋಹನದಾಸರ ಅಕ್ಷರ ಚಂದವೆಂದು ಅವರ ಕುಟುಂಬದ ಪಟ್ಟಿಯನ್ನು ಹನ್ನೆರಡು ವರ್ಷ ಅವರಿಂದಲೇ ಬರೆಸಿದ್ದರು.

ನನ್ನ ಮಾತು ಕೇಳಿ ಅವರು ಗಂಜಿ ಅರ್ಧಕ್ಕೆ ಬಿಟ್ಟು ಎದ್ದರು. ಆರೇ ವಾರದಲ್ಲಿ ಅಮೆರಿಕದ ಒಹಾಯೋದ ಒಂದು ಚರ್ಚಿನಿಂದ ಮಕ್ಕಳಿಗೆ ಹೆಸರಿಟ್ಟ ಪುಸ್ತಕದ ನಕಲು ಬಂತು. ಅದರಲ್ಲಿ ಒಂದು ಮಗುವಿನ ತಾಯಿ ಕಥರೀನಾ, ಹುಟ್ಟಿದ ಊರು ಅದೇ ಹಳ್ಳಿ. ಅವಳ ಮಗಳು, ಆ ಮಗಳ ಮಗಳು ಎಂದು ಇಳಿಯುತ್ತ ಇಳಿಯುತ್ತ ಡಾರ್ಲೀನ್ ಎಂಬ ಹೆಂಗಸಿನವರೆಗೆ ಬಂದು ಮುಟ್ಟಿದರು. ಹೆಲೆನ್ ನಮ್ಮ ಅಡುಗೆಮನೆಯಲ್ಲೇ ನನ್ನ ಗಂಡನನ್ನು ಅಪ್ಪಿಕೊಂಡು ಅತ್ತಳು, ಮೋಹನ್ ನೀನು ಜೀನಿಯಸ್ ಎಂದಳು. ಇದು ನನ್ನ ಹೆಂಡತಿ ಹೇಳಿದ ದಾರಿ ಎಂದು ಇವರು ಹೇಳಬಹುದಿತ್ತು. ಹೇಳಲಿಲ್ಲ. ನಾನು ಗೋಳಿಬಜೆಯ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಹೋಲ್ಟ್‌ಮನ್‌ಗಳೆಲ್ಲ ಈಸ್ಟರ್‌ಗೆ ಮೆಲ್ಬರ್ನ್‌ನಲ್ಲಿ ಸೇರುವುದು, ಡಾರ್ಲೀನ್ ಒಹಾಯೋದಿಂದ ಬರುವುದು, ಇಡೀ ವಂಶದ ಪಟವನ್ನು ಮೋಹನದಾಸರು ಮಾಡಿಕೊಡುವುದು ಎಂದು ತೀರ್ಮಾನವಾಯಿತು. ಅದು 2004ನೇ ಇಸವಿ. ಒಂದು ದಿನ ಚಪಾತಿ ಲಟ್ಟಿಸುತ್ತಿದ್ದಾಗ ಕಥರೀನಾಳ ಅಜ್ಜಿಯ ಹೆಸರನ್ನು ಇವರು ದೇವರ ಹೆಸರಿನ ಹಾಗೆ ಹೇಳಿಕೊಳ್ಳುತ್ತಿದ್ದುದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ.

"ಜರ್ಮನಿಯ ಅಜ್ಜಿಯ ಹೆಸರು ಬಾಯಿಪಾಠ ಉಂಟು ನಿಮಗೆ. ನನ್ನ ಅಜ್ಜಿಯ ಹೆಸರು ಎಂತ, ಹೇಳಿ ನೋಡುವ."

ಅವರು ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು, ಕಿಟಕಿ ನೋಡಿದರು. ಹೆಸರು ಬರಲಿಲ್ಲ. ನನ್ನ ಅಜ್ಜಿ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು ನಿಜ, ಆದರೆ ಕಥರೀನಾ ಇವರ ಜೊತೆ ಕೂತು ಉಂಡಿದ್ದಳಾ? ನಾಲ್ಕು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ಆ ನಾಲ್ಕು ದಿನದಲ್ಲೇ ಊರಿಗೆ ಮಾತಾಡಲೆಂದು ಡ್ರಾಯರಿನಲ್ಲಿ ಇಟ್ಟಿದ್ದ ನನ್ನ ಎರಡು ಫೋನ್ ಕಾರ್ಡು ಖಾಲಿಯಾದವು. ಒಹಾಯೋಕ್ಕೆ ಮಾತಾಡಿ ಮುಗಿಸಿದ್ದಾರೆ ಎಂದು ನನ್ನ ಸಿಟ್ಟು ಮತ್ತೆ ಹೆಚ್ಚಾಯಿತು.

ಪಟ ಪ್ರಿಂಟಿಗೆ ಹೋಗುವ ಮೊದಲು ಅದರ ಪ್ರತಿಯನ್ನು ನನ್ನ ಮುಂದೆ ಇಟ್ಟರು. ಹೆಲೆನಳ ನೆಂಟರು ಬರೆದು ಕಳಿಸಿದ ಕಾಗದಗಳನ್ನೂ ಜೊತೆಗೆ ಇಟ್ಟು, ಎಲ್ಲ ಹೆಸರು ಬಂದಿದೆಯಾ ಸ್ವಲ್ಪ ನೋಡು ಎಂದರು. ಮದುವೆ ಮನೆಯಲ್ಲಿ ಯಾರು ಯಾರಿಗೆ ಎಂತ ಆಗಬೇಕು ಎಂದು ಕೇಳಿದರೆ ಮುನ್ನೂರು ಜನರನ್ನು ನೆನಪಿನಿಂದ ಹೇಳುವವಳು ನಾನು. ಹತ್ತೇ ನಿಮಿಷದಲ್ಲಿ ತಪ್ಪು ಕಂಡಿತು.

ಹಳೆಯ ತಲೆಮಾರುಗಳನ್ನು ಇವರು ಹೆಲೆನಳ ಮನೆಯ ಬೈಬಲಿನಲ್ಲಿ ಬರೆದಿಟ್ಟಿದ್ದ ಪಟ್ಟಿಯಿಂದ ಇದ್ದ ಹಾಗೆ ನಕಲು ಮಾಡಿದ್ದರು, ಅದು ಸರಿ ಇತ್ತು. ಕಡೆಯ ಎರಡು ತಲೆಮಾರುಗಳನ್ನು ಮಾತ್ರ ಕಾಗದ ನೋಡಿ ತಾವೇ ಬರೆದಿದ್ದರು. ಅಲ್ಲಿ ಹಳೆಯ ಅಭ್ಯಾಸ ಬಂದುಬಿಟ್ಟಿತ್ತು. ಹೆಂಗಸರ ಕೆಳಗೆಲ್ಲ ಮಕ್ಕಳಿದ್ದರು, ಗಂಡಸರ ಹೆಸರು ಬಂದಲ್ಲಿಗೆ ಗೆರೆ ನಿಂತಿತ್ತು. ಹೆಲೆನಳ ಮೂವರು ಹೆಣ್ಣುಮಕ್ಕಳು, ಏಳು ಮೊಮ್ಮಕ್ಕಳು ಎಲ್ಲರೂ ಇದ್ದರು. ಅವಳ ಅಣ್ಣ ರಾನ್ ಇದ್ದ, ರಾನ್‌ನ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಅವಳ ಚಿಕ್ಕಪ್ಪನ ಗಂಡುಮಕ್ಕಳದೂ ಅದೇ ಕತೆ. ಊರಿನ ನಾಗನ ಪಟ್ಟಿಯಾಗಿದ್ದರೆ ಒಂದು ಹೆಸರೂ ತಪ್ಪಲ್ಲ. ಇಲ್ಲಿ ಹೋಲ್ಟ್‌ಮನ್ ಎಂಬ ಹೆಸರು ಹೊತ್ತವರೇ ಹೊರಗೆ ಉಳಿದಿದ್ದರು.

ಎಣಿಸಿದೆ. ಮೂವತ್ತೊಂದು ಜನ. ಖುಷಿಯಿಂದ ಇನ್ನೊಮ್ಮೆ ಎಣಿಸಿದೆ. ಹೆಲೆನಳ ಕವಲು ಮೂರು ಹೆಣ್ಣುಮಕ್ಕಳಲ್ಲಿ ಚಿಗುರಿ ನಿಂತಿತ್ತು. ನನಗೆ ಒಬ್ಬನೇ ಮಗ, ನಮ್ಮ ಲೆಕ್ಕದಲ್ಲಿ ನನ್ನ ಕವಲು ನನ್ನಲ್ಲಿಗೇ ಮುಗಿಯಿತು. ನನ್ನ ಗಂಡನೇ ಕೂತು ಅವಳದನ್ನು ಬಣ್ಣದ ಪೆನ್ನಿನಲ್ಲಿ ಬಿಡಿಸಿದ್ದರು. ಜೀನಿಯಸ್ ಮೋಹನ್ ಆ ಜನರ ಎದುರು ಪೆದ್ದನ ಹಾಗೆ ನಿಲ್ಲಲಿ, ಹೆಲೆನ್ ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತದಿರಲಿ ಎಂದು ನನ್ನ ಮನಸ್ಸು ಹೇಳಿತು.

"ಎಲ್ಲ ಸರಿ ಉಂಟಾ?" ಎಂದು ಅವರು ಕೇಳಿದರು.

"ಸರಿ ಉಂಟು" ಎಂದೆ.

ಗುಡ್ ಫ್ರೈಡೇ ದಿನ ಕಾರಿನಲ್ಲಿ ಹೊರಟೆವು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಇವರೇ ಓಡಿಸಿದರು. ಹೆಲೆನಳಿಗೆ ಹಿಂದೆ ಕೂತರೆ ತಲೆ ತಿರುಗುತ್ತದಂತೆ, ಹಾಗಾಗಿ ಮುಂದಿನ ಸೀಟು ಅವಳಿಗೆ. ಹತ್ತು ತಾಸು ನಾನು ಹಿಂದೆ ಬುತ್ತಿಚೀಲದ ಜೊತೆ ಕೂತು ಅವರಿಬ್ಬರ ತಲೆಯ ಹಿಂಭಾಗ ನೋಡಿದೆ. ಇದ್ದ ಅಲ್ಪಸ್ವಲ್ಪ ಅಳುಕೂ ಅರ್ಧ ದಾರಿಯ ಗುಂಡಗೈ ಊರು ದಾಟುವಷ್ಟರಲ್ಲಿ ಹೋಯಿತು.

ಮೆಲ್ಬರ್ನ್‌ನ ಹೊರವಲಯದ ಒಂದು ಹಳೆಯ ಚರ್ಚಿನ ಹಾಲ್‌ನಲ್ಲಿ ಶನಿವಾರ ಎಲ್ಲರೂ ಸೇರಿದರು. ನೂರಕ್ಕೂ ಹೆಚ್ಚು ಜನ. ಬ್ಲ್ಯಾಕ್‌ಟೌನ್‌ನಲ್ಲಿ ಪ್ರಿಂಟ್ ಮಾಡಿಸಿದ ಪಟ ಬಿಚ್ಚಿದ ಸೀರೆಯಷ್ಟು ಉದ್ದವಿತ್ತು, ಗೋಡೆಗೆ ಅಂಟಿಸಲು ನಾಲ್ಕು ಜನ ಬೇಕಾಯಿತು. ಡಾರ್ಲೀನ್ ದಪ್ಪ ಹೆಂಗಸು, ಊರುಗೋಲು ಹಿಡಿದು ಬಂದಿದ್ದಳು. ಕಥರೀನಾಳಿಂದ ತನ್ನವರೆಗೂ ಬೆರಳು ಇಳಿಸಿ, ತನ್ನ ಹೆಸರಿನ ಮೇಲೆ ಕೈ ಇಟ್ಟಳು. ಆಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೋಹನದಾಸರ ಕಿವಿ ಕೆಂಪಾಯಿತು.

ಆಮೇಲೆ ಒಬ್ಬೊಬ್ಬರೇ ತಮ್ಮ ಹೆಸರು ಹುಡುಕತೊಡಗಿದರು. ರಾನ್ ಎಪ್ಪತ್ತರ ಹತ್ತಿರದ, ಎತ್ತರದ ಮನುಷ್ಯ. ಆರೇಳು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಪಟದ ಮುಂದೆ ನಿಂತ. ನೀನೆಲ್ಲಿದ್ದೀಯ ನೋಡೋಣ ಎಂದು ಅವಳ ಬೆರಳು ಹಿಡಿದು ತನ್ನ ಹೆಸರಿನ ಕೆಳಗೆ ಒಯ್ದ. ಅಲ್ಲಿ ಬಿಳಿ ಕಾಗದ. ಮಗು ಇಂಗ್ಲಿಷಿನಲ್ಲಿ, ನಾನು ನಿಮ್ಮವಳಲ್ವಾ ಎಂದು ಕೇಳಿತು. ಅವನ ಮಗ ಬಂದು ನೋಡಿದ, ಚಿಕ್ಕಪ್ಪನ ಮಕ್ಕಳು ಬಂದು ನೋಡಿದರು. ಹಾಲ್‌ನ ಗಲಾಟೆ ನಡುವೆಯೇ ಹೆಲೆನಳ ಮುಖ ಬಿಳಿಚಿಕೊಂಡಿತು.

ಮೋಹನದಾಸರು ಪಟದ ಹತ್ತಿರ ಹೋಗಿ ಒಂದು ಕ್ಷಣ ನೋಡಿದರು, ಅವರಿಗೆ ತಿಳಿಯಿತು. ತಿರುಗಿ, ತಪ್ಪು ತನ್ನದು, ತಮ್ಮ ಊರಿನಲ್ಲಿ ಹೀಗೆ ಬರೆಯುವುದು ರೂಢಿ, ಕೈ ತನ್ನಷ್ಟಕ್ಕೆ ಹಾಗೇ ಬರೆದುಬಿಟ್ಟಿತು ಎಂದು ತಡವರಿಸುತ್ತ ಹೇಳಿದರು. ಬೆನ್ನುನೋವಿನವರು, ಬಗ್ಗಿ ಬಗ್ಗಿ ಕ್ಷಮೆ ಕೇಳಿದರು. ನಾನು ಬಯಸಿದ್ದೆಲ್ಲ ನನ್ನ ಕಣ್ಣೆದುರು ಇತ್ತು. ನನಗೆ ಮಾತ್ರ ಈಗ ಅದು ಬೇಡವಾಗಿತ್ತು.

ರಾನ್ ಸಿಟ್ಟಿನಲ್ಲಿ ಪಟದ ಬಲಮೂಲೆಗೆ ಬಗ್ಗಿದ. ಅಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ನಾನು ನೋಡಿದ ಪ್ರತಿಯಲ್ಲಿ ಇಲ್ಲದ್ದು. ಇದನ್ನು ಚೆಕ್ ಮಾಡಿದವರು ಯಾರು ಎನ್ನುತ್ತ ಅವನು ಗಟ್ಟಿಯಾಗಿ ಓದಿದ. ಹೆಸರುಗಳು ಅವನ ಬಾಯಲ್ಲಿ ತಿರುಚಿಕೊಂಡವು, ಆದರೂ ನನಗೆ ತಿಳಿಯಿತು.

ದಾರಿ ತೋರಿಸಿದವಳು, ಪರಿಶೀಲಿಸಿದವಳು: ಗುಣವತಿ. ಚಿನ್ನಮ್ಮನ ಮಗಳು. ಮುತ್ತಕ್ಕನ ಮೊಮ್ಮಗಳು.

ಮುತ್ತಕ್ಕ ನನ್ನ ಅಜ್ಜಿ. ನನ್ನ ಎರಡು ಫೋನ್ ಕಾರ್ಡು ಒಹಾಯೋಕ್ಕೆ ಹೋಗಿರಲಿಲ್ಲ, ಮೂಲ್ಕಿಯ ನನ್ನ ಸೋದರಮಾವನ ಮನೆಗೆ ಹೋಗಿದ್ದವು. ಹೆಲೆನ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, ಮೋಹನ್ ನನಗೆ ಧೈರ್ಯ ಹೇಳಿದ್ದ, ಗುಣವತಿ ನೋಡಿದ ಮೇಲೆ ಒಂದು ತಪ್ಪೂ ಉಳಿಯುವುದಿಲ್ಲ ಎಂದಿದ್ದ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ನನ್ನ ಅಮ್ಮ, ನನ್ನ ಅಜ್ಜಿ ಇಬ್ಬರೂ ಆ ಗೋಡೆಯ ಮೇಲೆ ನನ್ನ ಸುಳ್ಳಿಗೆ ಸಾಕ್ಷಿ ನಿಂತಿದ್ದರು.

ಎದ್ದು ಹೋದೆ. ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡೆ. ರಾನ್‌ನ ಹೆಸರಿನ ಕೆಳಗೆ ಗೆರೆ ಎಳೆದು ಅವನ ಐದು ಮಕ್ಕಳನ್ನು ಬರೆದೆ, ಅವರ ಕೆಳಗೆ ಅವರ ಮಕ್ಕಳನ್ನು ಬರೆದೆ. ಅವನು ಎತ್ತಿಕೊಂಡಿದ್ದ ಮಗುವಿನ ಹೆಸರು ಕ್ಲೋಯಿ, ಹುಟ್ಟಿದ್ದು 1997. ಆಮೇಲೆ ಚಿಕ್ಕಪ್ಪನ ಗಂಡುಮಕ್ಕಳ ಕಡೆಗೆ ಹೋದೆ. ಯಾರನ್ನೂ ಕೇಳಲಿಲ್ಲ, ಕೈಯಲ್ಲಿ ಕಾಗದವಿರಲಿಲ್ಲ. ರಾನ್‌ನ ಮಗ ಮೊದಲು ಆಶ್ಚರ್ಯದಿಂದ ನಕ್ಕ, ಆಮೇಲೆ ನಗು ನಿಲ್ಲಿಸಿದ. ಈ ಹೆಂಗಸಿಗೆ ಇದೆಲ್ಲ ಮೊದಲೇ ಹೇಗೆ ಗೊತ್ತು ಎಂದು ಒಬ್ಬೊಬ್ಬರಿಗೇ ಹೊಳೆಯುತ್ತಿದ್ದುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನಾನು ಬರೆಯುವುದು ನಿಲ್ಲಿಸಲಿಲ್ಲ.

ಕೊನೆಯ ಹೆಸರು ಬರೆದು ತಿರುಗಿದಾಗ ಮೋಹನದಾಸರು ನನ್ನ ಹಿಂದೆಯೇ ನಿಂತು ನಾನು ಬರೆದ ಹೆಸರುಗಳನ್ನು ಎಣಿಸುತ್ತಿದ್ದರು. ಅಷ್ಟು ಜನರ ನಡುವೆ, ನಮ್ಮಿಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ, ಮೆಲ್ಲಗೆ ಕೇಳಿದರು.

"ಮೂವತ್ತೊಂದೂ ಬಾಯಿಪಾಠ ಉಂಟಲ್ಲ ನಿನಗೆ?"

"ಹೌದು" ಎಂದೆ.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದರು. ಮೂಲೆಯಲ್ಲಿ ನನ್ನ ಹೆಸರನ್ನು ಹಾಗೆಯೇ ಬಿಟ್ಟರು.