ಬಿಸ್ಕತ್ತು ಡಬ್ಬದ ಕಿವಿಗಳು

ಮಾರಿಯಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ಕಳ್ಳನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ ನನ್ನ ಆರು ಹೆಣ್ಣು ಕುರಿಗಳನ್ನು ಅವನಿಗೆ ಪಾಲಿಗೆ ಬಿಟ್ಟೆ. ತಾಯಿಕುರಿ ನನ್ನದು, ಮೇಯಿಸುವ ಕೆಲಸ ಅವನದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ. ಒಂದೇ ಒಂದು ಕಟ್ಟುಪಾಡು. ಕುರಿ ಸತ್ತರೆ ಮೇಯಿಸುವವನು ಅದರ ಒಂದು ಕಿವಿ ಕೊಯ್ದು ತಂದು ಒಡೆಯನಿಗೆ ತೋರಿಸಬೇಕು. ಕಿವಿಯಲ್ಲಿ ಆಯಾ ಮನೆಯ ಗುರುತು ಕತ್ತರಿಸಿರುತ್ತದೆ, ಹಾಗಾಗಿ ಮಾರಿಕೊಂಡು ತಿಂದು ಸತ್ತುಹೋಯಿತು ಅನ್ನುವ ಹಾಗಿಲ್ಲ. ಆದರೆ ಇದೆಲ್ಲ ಹೊರಗಿನವರಿಗೆ. ಈ ತಮಿಳು ಸೀಮೆಯಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವ ನಮ್ಮ ನಮ್ಮಲ್ಲಿ ಕಿವಿ ತೋರಿಸು ಅಂತ ಕೇಳುವುದಿಲ್ಲ. ಸತ್ತಿತು ಅಂದರೆ ಸತ್ತಿತು, ಅಷ್ಟೆ. ನಾನೂ ಕೇಳಿದವಳಲ್ಲ.

ಈ ವರ್ಷ ಮೇಚೇರಿಯ ಸಂತೆ ಬೀದಿಯಲ್ಲಿ ಅರುಣಾಚಲಂ ತನ್ನ ಹಿಟ್ಟಿನ ಗಿರಣಿ ಬಿಟ್ಟುಕೊಡುತ್ತೇನೆ ಅಂದ. ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಮುಗಿಯುವುದರೊಳಗೆ ಮುಂಗಡ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿ ಬಗ್ಗಿಸಿ ನನಗೆ ಸಾಕಾಗಿತ್ತು. ಸಾಯುವ ಮುಂಚೆ ಒಮ್ಮೆ ನನ್ನದು ಅನ್ನುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಕು ಅನ್ನುವ ಆಸೆ. ಆಡಿಯಲ್ಲಿ ಊರೂರಿಗೂ ಮಾರಿಹಬ್ಬ, ಕುರಿಗೆ ಬಂಗಾರದ ಬೆಲೆ. ನನ್ನವು ಹದಿನೇಳು ಇದ್ದವು. ಸಾಕು ಅಂದುಕೊಂಡೆ.

ಸೇಲಂನಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿರುವ ಮಗಳು ಮೇನಕಾಗೆ ಫೋನ್ ಮಾಡಿ ಹೇಳಿದರೆ ಅವಳು ನಕ್ಕಳು.

"ಅದಿನೇಳು ಐತೆ ಅಂತ ನಿಂಗೆ ಎಂಗೆ ಗೊತ್ತು? ಎಣಿಸಿದ್ಯಾ?"

"ಮಾರಿಯಪ್ಪ ಏಳ್ದ. ನಮ್ಮೋನು ಕಣೇ."

"ನಮ್ಮೋನು ಅನ್ನೋದು ಒಂದು ಪ್ರೂಫಾ ಅಮ್ಮಾ?"

ಆ ಮಾತು ಕಿವಿಯೊಳಗೆ ಸೊಳ್ಳೆಯ ಹಾಗೆ ಕೂತಿತು. ಅದರ ಮಾರನೆಯ ದಿನವೇ ಮಾರಿಯಪ್ಪ ಬಂದ. ಜಗಲಿಯ ಮೇಲೆ ಕೂತು ನಾನು ಕೊಟ್ಟ ಟೀ ಅರ್ಧ ಕುಡಿದು ಬಾಯಿಬಿಟ್ಟ.

"ಅಕ್ಕಾ, ತೊಪ್ಪೂರು ಘಾಟ್‌ತಾವ ಮಂದೆ ಮ್ಯಾಲೆ ಲಾರಿ ನುಗ್ಬಿಡ್ತು. ಮೂರು ಓದ್ವು. ಮೂರೂ ನಿನ್ವೇ."

ಬೆಲೆ ಏರಿದ ತಿಂಗಳು, ನನಗೆ ದುಡ್ಡು ಬೇಕಾದ ತಿಂಗಳು, ಅದೇ ತಿಂಗಳಲ್ಲಿ ಮೂರು ಸಾಯುತ್ತವೆ. ಮೂರೂ ನನ್ನವೇ.

"ನಿನ್ದು ಒಂದೂ ಓಗ್ಲಿಲ್ವಾ?"

"ಯಾವ್ದು ಯಾರ್ದು ಅಂತ ಲಾರಿಗೆ ಗೊತ್ತಾಯ್ತದಾ ಅಕ್ಕಾ?"

ಆಗ ನಾನು ಕೇಳಿಬಿಟ್ಟೆ. ಕನ್ನಡದಲ್ಲಿ ಕೇಳಲು ನಾಲಿಗೆ ಏಳಲಿಲ್ಲ, ನಮ್ಮವರು ನಮ್ಮವರನ್ನು ಹಾಗೆ ಕೇಳಿದ್ದನ್ನು ನಾನು ಕಂಡವಳೇ ಅಲ್ಲ. ಸಂತೆಯಲ್ಲಿ ಗುರುತಿಲ್ಲದ ದಲ್ಲಾಳಿಯನ್ನು ಕೇಳುವ ಹಾಗೆ ತಮಿಳಿನಲ್ಲಿ ಕೇಳಿದೆ. "ಕಾದು ಎಂಗೆ?" ಕಿವಿ ಎಲ್ಲಿ?

ಅವನು ಲೋಟ ಕೆಳಗಿಟ್ಟ. ಟೀ ಇನ್ನೂ ಅರ್ಧ ಇತ್ತು. ಟವೆಲು ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅಂದುಕೊಂಡೆ ನಾನು. ಸಿಕ್ಕಿಬಿದ್ದ ಅಂತ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಬೀದಿ ತುಂಬಾ ಕುರಿ. ನನ್ನ ಹದಿನಾಲ್ಕನ್ನೂ ಹೊಡೆದುಕೊಂಡು ಬಂದಿದ್ದ. ಕಂಕುಳಲ್ಲಿ ಒಂದು ಹಳೆಯ ಬಿಸ್ಕತ್ತು ಡಬ್ಬ. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಅವನು ಡಬ್ಬದ ಮುಚ್ಚಳ ತೆಗೆದು ನನ್ನ ಜಗಲಿಯ ಮೇಲೆ ಬೋರಲು ಹಾಕಿದ.

ಕಿವಿಗಳು. ಉಪ್ಪು, ಅರಿಶಿನ ಸವರಿ ಒಣಗಿಸಿದ ಕಿವಿಗಳು. ಮೂರು ಇನ್ನೂ ಹಸಿ ಇದ್ದವು. ಎಲ್ಲದರಲ್ಲೂ ನನ್ನ ಗಂಡನ ಕಾಲದಿಂದ ಬಂದ ನಮ್ಮ ಮನೆಯ ಗುರುತು, ತುದಿಯಲ್ಲಿ ಸೀಳು, ಅಂಚಿನಲ್ಲಿ ಅರ್ಧಚಂದ್ರ.

"ಎಣಿಸ್ಕೊಳಮ್ಮಾ," ಅಂದ. ಅಕ್ಕಾ ಅನ್ನಲಿಲ್ಲ.

ಎಣಿಸಿದೆ. ಎಲ್ಲರೂ ನೋಡುತ್ತಿದ್ದರೂ ಎಣಿಸಿದೆ. ಒಂಬತ್ತು. ಹನ್ನೊಂದು ವರ್ಷದಲ್ಲಿ ಸತ್ತಿವೆ ಅಂತ ಅವನು ಹೇಳಿದ್ದೂ ಒಂಬತ್ತೇ.

"ಇಷ್ಟು ವರ್ಸ ಯಾಕ್ಲಾ ತೋರಿಸ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳ್ದಿದ್ ಮ್ಯಾಲೆ ಮಡಿಕ್ಕೊಂಡಿದ್ದು ಯಾಕೆ?"

"ಒಂದಿನ ಕೇಳ್ತೀಯ ಅಂತ ಗೊತ್ತಿತ್ತು."

ನನ್ನ ಮನೆಯ ಟೀ ಕುಡಿದುಕೊಂಡು, ಬಾಯಿ ತುಂಬಾ ಅಕ್ಕಾ ಅನ್ನುತ್ತಾ, ಮೊದಲ ಕುರಿ ಸತ್ತ ದಿನದಿಂದಲೇ ನನ್ನ ವಿರುದ್ಧ ಸಾಕ್ಷಿ ಕೂಡಿಡುತ್ತಿದ್ದ! ನಾನು ಹನ್ನೊಂದು ವರ್ಷ ನಂಬಿ ಒಂದು ದಿನ ತಪ್ಪಿದೆ. ಅವನು ಒಂದು ದಿನವೂ ನಂಬಿರಲಿಲ್ಲ.

"ಅಂಗಾದ್ರೆ ನಂಗಿಂತ ನೀನೇ ಮೊದ್ಲು ಅಪನಂಬಿಕೆ ಪಟ್ಟೋನು," ಅಂತ ಕಿರುಚಿದೆ.

"ಇರ್ಬೋದು. ಆದ್ರೆ ನಾನು ಬಾಯಿ ಬಿಟ್ಟು ಏಳ್ಲಿಲ್ಲ," ಅಂದು ಕೋಲು ಎತ್ತಿಕೊಂಡು ಹೋದ.

ನೆರೆದವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ. ಆ ಕುರಿಗಳನ್ನು ಪಾಲಿಗೆ ತಗೊಳ್ಳಿ ಅಂತ ನಾಲ್ಕು ಮನೆ ಸುತ್ತಿದೆ. ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಮೇವಿಲ್ಲ, ಕೊನೆಯ ಮನೆಯ ಪಳನಿಗೆ ಇದ್ದಕ್ಕಿದ್ದಂತೆ ಕುರಿ ಅಂದರೆ ಆಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ನನ್ನದು ಎರಡೇ ಎರಡು ಪದ. ಹದಿನಾಲ್ಕನ್ನೂ ಸಂತೆಗೆ ಹೊಡೆದು ಮಾರಿದೆ. ತಾಯಿಕುರಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಗಿರಣಿಯ ಮುಂಗಡಕ್ಕೆ ದುಡ್ಡು ಸಾಕಾಗಿ ಮಿಕ್ಕಿತು.

ಈಗ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಅರುಣಾಚಲಂ ಗಿರಣಿ ನಡೆಸುತ್ತಿದ್ದಾಗ ನಮ್ಮೂರ ಹೆಂಗಸರು ರಾಗಿ ಚೀಲ ಇಟ್ಟು, ಆಮೇಲೆ ಬರ್ತೀವಿ ಅಂತ ಸಂತೆಗೆ ಹೋಗುತ್ತಿದ್ದರು. ಅವನು ತಮಿಳರವನು. ನಾನು ಕನ್ನಡದವಳು, ಆ ಹೆಂಗಸರ ಪೈಕಿಯವಳೇ. ನನ್ನ ಹತ್ತಿರ ಮಾತ್ರ ಅವರು ಕೊನೆಯ ಹಿಡಿ ಹಿಟ್ಟು ಬೀಳುವ ತನಕ ಮೆಷಿನ್ ಬಿಟ್ಟು ಕದಲುವುದಿಲ್ಲ. ಮೂಗಿಗೆ, ಕಣ್ಣಿಗೆ ಹಿಟ್ಟು ಹಾರಿದರೂ ಕದಲುವುದಿಲ್ಲ.

ಹೋದ ವಾರ ಮಾರಿಯಪ್ಪನ ಹೆಂಡತಿ ಮುತ್ತಮ್ಮ ಬಂದಳು. ನನ್ನ ಬಾಣಂತನಕ್ಕೆ ನೀರು ಕಾಯಿಸಿದವಳು. ಜೀವಮಾನದಲ್ಲಿ ನನ್ನ ಹತ್ತಿರ ಕನ್ನಡ ಬಿಟ್ಟು ಬೇರೆ ಆಡಿದವಳಲ್ಲ. ಅವಳೂ ನಿಂತು ನೋಡಿದಳು. ಹಿಟ್ಟಿನ ಚೀಲದ ಬಾಯಿ ಕಟ್ಟಿ, ಸೆರಗಿನಿಂದ ಚಿಲ್ಲರೆ ಬಿಚ್ಚುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಕೂಲಿ ಎವ್ವಳವು?"

ಕೂಲಿ ಎಷ್ಟು ಅಂತ ನಾನೂ ತಮಿಳಿನಲ್ಲೇ ಹೇಳಿದೆ.