ಡಾಕ್ಟರಿಗೆಂದು ಸಾಕಿದ ಕುರಿ

ನಮ್ಮ ಕಡೆ ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ರೊಟ್ಟಿಯನ್ನಾದರೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಬೇಕು. ಒಳ್ಳೆಯ ಪದ್ಧತಿಯೇ, ಇಲ್ಲ ಎನ್ನುವುದಿಲ್ಲ. ಆದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಹೋದ ವರ್ಷ ನಾನು ಸಾಯುವುದರಲ್ಲಿದ್ದೆ.

ನನ್ನ ಹೆಸರು ಊಲ್ಕಾನ್. ನರಿನ್ ನದಿಯ ಮೇಲ್ದಂಡೆಯಲ್ಲಿ ನಮ್ಮ ಹಳ್ಳಿ. ವಯಸ್ಸು ಐವತ್ತಮೂರು. ಉಣ್ಣೆಯ ಹಾಸು ಮಾಡುವುದು ನನ್ನ ಕಸುಬು. ಗಂಡ ಹೋಗಿ ಒಂಬತ್ತು ವರ್ಷವಾಯಿತು. ಮಕ್ಕಳಾಗಲಿಲ್ಲ. ಹಾಸು ಮಾಡುವಾಗ ಉಣ್ಣೆಯನ್ನು ಚಾಪೆಯಲ್ಲಿ ಸುತ್ತಿ, ಬಿಸಿನೀರು ಸುರಿದು, ಏಳೆಂಟು ಜನ ಸಾಲಾಗಿ ನಿಂತು ತುಳಿಯಬೇಕು. ಹೆಂಗಸರು ಹಾಡುತ್ತಾ ತುಳಿಯುತ್ತಾರೆ. ನನಗೆ ಜನ ಇಲ್ಲ. ಸುರುಳಿಯನ್ನು ಕತ್ತೆಗೆ ಕಟ್ಟಿ ಅಂಗಳದ ತುಂಬ ಎಳೆಸುತ್ತೇನೆ. ಕತ್ತೆಗೆ ಹಾಡಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೋದ ವಸಂತದಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಸಿಗತೊಡಗಿತು. ಬಗ್ಗಿದರೆ ನೋವು, ಉಂಡರೆ ನೋವು. ನಮ್ಮ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಝಿಪಾರ್ ಎಂಬ ನರ್ಸ್ ಇದ್ದಾಳೆ. ಚಿಕ್ಕ ವಯಸ್ಸು, ಬಾಯಿ ಮಾತ್ರ ದೊಡ್ಡದು. ಅವಳು ಹೊಟ್ಟೆ ಒತ್ತಿ ನೋಡಿದಳು. ಮುಖ ಸಣ್ಣಗಾಯಿತು.

"ಅಕ್ಕ, ಇದು ಇಲ್ಲಿ ಆಗೋ ಕೆಲಸ ಅಲ್ಲ. ಚೀಟಿ ಬರೆದುಕೊಡ್ತೀನಿ. ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗು. ಸ್ಕ್ಯಾನ್ ಮಾಡಿಸಲೇಬೇಕು."

"ಹೋಗ್ತೀನಿ" ಎಂದೆ.

ಹೋಗಲಿಲ್ಲ. ಅಷ್ಟು ದೊಡ್ಡ ಡಾಕ್ಟರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಹೇಗೆ? ಆ ವರ್ಷ ಹುಟ್ಟಿದ ಮರಿಗಳಲ್ಲಿ ಒಳ್ಳೆಯದೊಂದನ್ನು ಆರಿಸಿದೆ. ಇದು ಮೇದು ದಪ್ಪಗಾಗಲಿ, ಶರತ್ಕಾಲಕ್ಕೆ ಕರೆದುಕೊಂಡು ಹೋಗಿ ಒಪ್ಪಿಸಿ, ಆಮೇಲೆ ಹೊಟ್ಟೆ ತೋರಿಸೋಣ ಎಂದುಕೊಂಡೆ. ನನ್ನ ಪಾಲಿನ ರೊಟ್ಟಿ ಸೇರದಿದ್ದಾಗ ಅದನ್ನೂ ಆ ಮರಿಗೇ ಹಾಕಿದೆ. ಅದು ಉಬ್ಬುತ್ತಾ ಬಂತು, ನಾನು ಇಳಿಯುತ್ತಾ ಬಂದೆ. ಊರವರು ಅದಕ್ಕೆ "ಡಾಕ್ಟರ್ ಕುರಿ" ಎಂದೇ ಹೆಸರಿಟ್ಟರು.

ಪಕ್ಕದ ಮನೆಯ ಕಾದಿರ್‌ಬೆಕ್ ಬೇಲಿಯ ಮೇಲೆ ಮೊಣಕೈ ಊರಿ ಹೇಳುತ್ತಿದ್ದ: "ಕುರಿ ಒಂದೇ ಸಾಲಲ್ಲ ಊಲ್ಕಾನ್. ಅಲ್ಲಿ ನಮ್ಮೋರು ಅಂತ ಯಾರಾದ್ರೂ ಇರಬೇಕು. ನನ್ನ ಭಾವಮೈದ ಅಲ್ಲೇ ಕೆಲಸ ಮಾಡೋದಕ್ಕೆ ನನ್ನ ಹೆಂಡತಿಗೆ ಬೆಡ್ ಸಿಕ್ತು. ನಿನಗೆ ಯಾರಿದ್ದಾರೆ ಹೇಳು?"

ಅವನು ಕೆಟ್ಟವನಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ. ಆದರೆ ಆ ಮಾತು ಪಕ್ಕೆಯ ನೋವಿಗಿಂತ ಹೆಚ್ಚು ಚುಚ್ಚಿತು. ಎರಡು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮಾತಾಡಿಸಲು ಯಾರೂ ಬರಲೂ ಇಲ್ಲ ಅನ್ನಿ.

ಸೆಪ್ಟೆಂಬರಿನಲ್ಲಿ ತೋಳ ಬಂತು. ಹನ್ನೊಂದು ಕುರಿಗಳಲ್ಲಿ ಅದಕ್ಕೆ ಬೇಕಾಗಿದ್ದು ಡಾಕ್ಟರ್ ಕುರಿಯೇ! ಬೆಳಿಗ್ಗೆ ನೋಡಿದರೆ ದೊಡ್ಡಿಯ ಮೂಲೆಯಲ್ಲಿ ಒಂದು ಹಿಡಿ ಉಣ್ಣೆ. ಅಲ್ಲೇ ಕೂತು ಅತ್ತೆ. ಕುರಿಗಾಗಿ ಅಲ್ಲ. ಉಳಿದವು ಮರಿಗೂ ಉಣ್ಣೆಗೂ ಬೇಕಾದ ಬಡಕಲು ಕುರಿಗಳು, ಡಾಕ್ಟರ ಮುಂದೆ ನಿಲ್ಲಿಸುವಂಥವಲ್ಲ. ಇನ್ನೊಂದು ಮರಿ ಹುಟ್ಟಿ ಬೆಳೆಯುವ ತನಕ ನಾನು ಇರುವುದಿಲ್ಲ ಎಂದು ನನಗೆ ಗೊತ್ತಾಗಿತ್ತು.

ಸುದ್ದಿ ಕೇಳಿ ಝಿಪಾರ್ ಓಡಿ ಬಂದಳು. ಬಂದವಳೇ ಬೈಗುಳ ಶುರು ಮಾಡಿದಳು.

"ಅಕ್ಕ, ನೀನಿನ್ನೂ ಹೋಗೇ ಇಲ್ವಾ? ಐದು ತಿಂಗಳಾಯ್ತಲ್ಲ! ನಿನಗೆ ಕುರಿ ತಗೊಂಡು ಬಾ ಅಂದೋರು ಯಾರು?"

"ಯಾರೂ ಅನ್ನಲಿಲ್ಲ. ಅನ್ನಬೇಕಾ? ಅಷ್ಟೂ ತಿಳಿಯಲ್ವಾ ನನಗೆ?"

"ತಿಳಿಯಲ್ಲ. ಖಂಡಿತ ತಿಳಿಯಲ್ಲ."

"ನೋಡಮ್ಮ, ನಿನ್ನ ಪುಸ್ತಕದ ಮಾತು ಬೇಡ. ಪುಕ್ಕಟೆ ಮಾಡೋರು ಯಾರಿದ್ದಾರೆ? ಡಾಕ್ಟರ ದಯೆ ಇದ್ರೆ ಆಗುತ್ತೆ. ದಯೆ ಬೇಕು ಅಂದ್ರೆ ಏನಾದ್ರೂ ಕೊಡಬೇಕು."

ನನ್ನ ಅಂಗಳದ ಆಚೆ ಊರಿನ ಕಾಲುವೆ ಹರಿಯುತ್ತದೆ. ಝಿಪಾರ್ ಅತ್ತ ನೋಡಿ ಕೇಳಿದಳು: "ಸೋಮವಾರ ನಿನ್ನ ಹೊಲಕ್ಕೆ ನೀರು ಬಿಡ್ತಾರಲ್ಲ, ಆ ನೀರುಗಂಟಿಗೆ ಎಷ್ಟು ಕುರಿ ಕೊಟ್ಟಿದ್ದೀಯ?"

"ಅವನಿಗ್ಯಾಕೆ ಕೊಡ್ಲಿ? ಅದು ನನ್ನ ಸರದಿ."

"ಒಬ್ಬಂಟಿ ಹೆಂಗಸು, ಹಿಂದೆ ಮುಂದೆ ಯಾರೂ ಇಲ್ಲ, ಅರ್ಧ ಗಂಟೆ ಕಮ್ಮಿ ಬಿಡೋಣ ಅಂದ್ರೆ?"

"ಅಂದು ನೋಡಲಿ! ಹೋದ ಸಲ ಒಬ್ಬ ಅಂದಿದ್ದ. ಗುದ್ದಲಿ ಹಿಡಿದು ತೂಬಿನ ಮೇಲೇ ನಿಂತಿದ್ದೆ. ಇಡೀ ಊರಿಗೇ ಗೊತ್ತು."

"ಗೊತ್ತು. ನಾನೂ ನೋಡಿದೀನಿ. ಅವತ್ತು ನಿನಗೆ ಯಾರ ದಯೆಯೂ ಬೇಕಾಗಿರಲಿಲ್ಲ. ಕಾಲುವೆ ಊರಿನದು, ನಾನೂ ಊರಿನವಳು, ಅಷ್ಟೇ ಅಂದೆ. ಆಸ್ಪತ್ರೇನೂ ಹಾಗೇ ಕಣಕ್ಕ. ನೀನು ಉಪ್ಪು ಕೊಂಡಾಗ, ಚಹಾ ಕೊಂಡಾಗ, ಹಾಸು ಮಾರಿದಾಗ ತೆರಿಗೆಯಲ್ಲಿ ಅದರ ಪಾಲು ಕೊಡ್ತಾನೇ ಬಂದಿದ್ದೀಯ. ಕೊಡದೇ ಇದ್ದರೂ ನೀನು ಈ ದೇಶದವಳೇ. ಕಾಯಿಲೆ ಬಂದವರಿಗೆ ಚಿಕಿತ್ಸೆ ಸಿಗಬೇಕು. ಅದು ಭಿಕ್ಷೆ ಅಲ್ಲ, ಸರದಿ."

ಸೋತೆ ಎಂದು ಒಪ್ಪಿಕೊಳ್ಳುವ ಹೆಂಗಸಲ್ಲ ನಾನು. ಆದರೂ ಮೆಲ್ಲಗೆ, "ಜೊತೆಗೆ ಬರೋಕೆ ಯಾರೂ ಇಲ್ಲ" ಎಂದೆ. ಕುರಿಯ ಹಿಂದೆ ಬಚ್ಚಿಟ್ಟಿದ್ದ ಮಾತು ಇದೇ. ಆಸ್ಪತ್ರೆಯಲ್ಲಿ ಎಲ್ಲರ ಹಾಸಿಗೆಯ ಪಕ್ಕದಲ್ಲೂ ಯಾರಾದರೂ ಇರುತ್ತಾರೆ. ನನ್ನದು ಬರಿದಾಗಿರುವುದನ್ನು ಜನ ನೋಡುತ್ತಾರಲ್ಲ ಎಂಬ ನಾಚಿಕೆ.

ಝಿಪಾರ್ ಈ ಸಲ ಬೈಯಲಿಲ್ಲ. "ನಾನು ಬರೋಕಾಗಲ್ಲ ಅಕ್ಕ, ಇಲ್ಲಿ ಕೇಂದ್ರ ಮುಚ್ಚಬೇಕಾಗುತ್ತೆ. ಯಾರೂ ಇಲ್ಲದವರಿಗೆ ಸಿಗದೇ ಇದ್ರೆ ಅದನ್ನ ಹಕ್ಕು ಅಂತ ಕರೆಯೋದಾದ್ರೂ ಹೇಗೆ? ಗುರುತಿನ ಚೀಟಿ ತಗೋ. ನಿನ್ನ ಹೆಸರು ನಮ್ಮ ಕೇಂದ್ರದಲ್ಲಿ ನೋಂದಣಿ ಆಗಿದೆ, ಅದರ ಕಾಗದ ಕೊಡ್ತೀನಿ. ಯಾವುದಕ್ಕಾದರೂ ದುಡ್ಡು ಕೇಳಿದ್ರೆ ರಸೀದಿ ಕೇಳು. ರಸೀದಿ ಇಲ್ಲ ಅಂದ್ರೆ ಕೊಡಬೇಡ. ನನಗೆ ಫೋನ್ ಮಾಡು."

ಕಾದಿರ್‌ಬೆಕ್‌ನೇ ತನ್ನ ಕಾರಿನಲ್ಲಿ ಬಿಟ್ಟುಬಂದ. ದಾರಿಯುದ್ದಕ್ಕೂ ತಲೆ ಅಲ್ಲಾಡಿಸುತ್ತಲೇ ಇದ್ದ.

ಆಸ್ಪತ್ರೆಯ ಕಿಟಕಿಯ ಹಿಂದಿನ ಹೆಂಗಸು ತಲೆ ಎತ್ತದೆ ಕೇಳಿದಳು: "ಜೊತೆಗೆ ಯಾರು ಬಂದಿದ್ದಾರೆ?"

ಹಿಂದೆ ಉದ್ದದ ಸಾಲು. ತಿರುಗಿ ಹೋಗಿಬಿಡೋಣ ಎನಿಸಿತು, ಸುಳ್ಳೇಕೆ ಹೇಳಲಿ. ಆದರೂ ಕಾಗದ ಮುಂದಿಟ್ಟು, "ಯಾರೂ ಇಲ್ಲ. ನಾನೇ ಬಂದಿದ್ದೀನಿ. ಚಿಕಿತ್ಸೆ ಬೇಕಾಗಿರೋದು ನನಗೆ" ಎಂದೆ. ಅವಳು ಕಾಗದ ನೋಡಿದಳು, ಬರೆದುಕೊಂಡಳು, "ಎರಡನೇ ಮಹಡಿ" ಎಂದಳು. ಅಷ್ಟೇ. ಐದು ತಿಂಗಳು ನಾನು ಹೆದರಿದ್ದು ಇಷ್ಟಕ್ಕೆ.

ಲಿವರ್‌ನಲ್ಲಿ ನೀರು ತುಂಬಿದ ಗಡ್ಡೆ ಎಂದು ಸ್ಕ್ಯಾನ್ ಮಾಡಿ ಹೇಳಿದರು. ನಾಯಿಯ ಹೊಟ್ಟೆಯ ಹುಳುವಿನಿಂದ ಬರುತ್ತದಂತೆ. ಸರ್ಜನ್ ಆಶಿರ್ ಅವರು ನನಗೊಬ್ಬ ತಮ್ಮನಿದ್ದಿದ್ದರೆ ಅವನ ವಯಸ್ಸಿನವರು. "ಕುರಿ ಕೊಯ್ದಾಗ ಹಸಿ ಕರುಳು, ಲಿವರ್ ನಾಯಿಗೆ ಹಾಕ್ತೀರಾ?" ಎಂದು ಕೇಳಿದರು. ಹಾಕುತ್ತೇನೆ ಎಂದೆ. "ಇನ್ನು ಹಾಕಬೇಡಿ. ನಾಯಿಗೆ ಹುಳುವಿನ ಮಾತ್ರೆ ಹಾಕಿಸಿ. ಅದನ್ನ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಇನ್ನೊಂದು ತಿಂಗಳು ತಡ ಮಾಡಿದ್ರೆ ಇದು ಒಳಗೇ ಒಡೆದುಬಿಡ್ತಿತ್ತು" ಎಂದರು.

ಆಪರೇಷನ್ ಆಯಿತು. ಆರಾಮವಾಗಿತ್ತು ಎಂದು ಹೇಳಲಾರೆ. ಸಾಯಂಕಾಲ ನೆಂಟರು ಬರುವ ಹೊತ್ತಿಗೆ ವಾರ್ಡಿನ ತುಂಬ ಸಾರಿನ ವಾಸನೆ, ಮಾತು, ನಗು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆಸ್ಪತ್ರೆಯ ಗಂಜಿ ಬಂತು, ಹೊತ್ತಿಗೆ ಸರಿಯಾಗಿ ಸೂಜಿ ಬಂತು. ಜನ ಬರಲಿಲ್ಲ. ಹಕ್ಕು ಇದ್ದರೆ ಜೀವ ಉಳಿಯುತ್ತದೆ, ಒಂಟಿತನ ಹೋಗುವುದಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಒಳ್ಳೆಯದನ್ನಷ್ಟೇ ಹೇಳಿದರೆ ನೀವು ನಂಬುವುದಿಲ್ಲ.

ಮನೆಗೆ ಹೊರಡುವ ಹಿಂದಿನ ದಿನ, ಚೀಲದಲ್ಲಿದ್ದ ಒಂದು ಜೊತೆ ಹೊಸ ಉಣ್ಣೆಯ ಚಪ್ಪಲಿಯನ್ನು ಆಶಿರ್ ಅವರ ಕೈಗೆ ತುರುಕಲು ಹೋದೆ. ಅವರು ಹಿಂದಕ್ಕೆ ಸರಿದರು.

"ಬೇಡ ಅಕ್ಕ."

"ಲಂಚ ಅಲ್ಲಪ್ಪ ಇದು. ಪ್ರೀತಿಯಿಂದ ಕೊಡ್ತಿರೋದು."

ಅವರು ದನಿ ತಗ್ಗಿಸಿದರು. "ನನಗೆ ಗೊತ್ತು. ಆದರೆ ಈ ವಾರ್ಡಿನಲ್ಲಿ ಎಲ್ಲರೂ ನೋಡ್ತಿದ್ದಾರೆ. ನೀವು ಕೊಟ್ಟರೆ ಇಲ್ಲಿ ಕೊಡಬೇಕು ಅಂತ ಅವರು ತಿಳ್ಕೋತಾರೆ. ಕೊಡೋಕೆ ಏನೂ ಇಲ್ಲದವರು ಮುಂದಿನ ಸಲ ಮನೆಯಲ್ಲೇ ಉಳಿದುಬಿಡ್ತಾರೆ."

ನನ್ನ ಕಿವಿ ಬಿಸಿಯಾಯಿತು. ಹಾಗೆ ಮನೆಯಲ್ಲೇ ಉಳಿದವಳು ನಾನೇ ಅಲ್ಲವೇ? ಯಾರೋ ಎಂದೋ ಪ್ರೀತಿಯಿಂದ ಕೊಟ್ಟದ್ದನ್ನು ನೋಡಿಯೇ ನಾನೂ ಕಲಿತಿದ್ದೆ.

ಪಕ್ಕದ ಹಾಸಿಗೆಯಲ್ಲಿ ಗುಲ್‌ಬುರಾಕ್ ಎಂಬ ಎಳೆಯ ಹೆಂಗಸು ಇದ್ದಳು. ಮರುದಿನ ಬೆಳಿಗ್ಗೆ ಅವಳ ಆಪರೇಷನ್. ನಾಲ್ಕು ದಿನದಿಂದ ಬಾಯಿ ಬಿಟ್ಟವಳಲ್ಲ. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿ, "ಅಕ್ಕ, ಅವರು ನಿಜವಾಗಲೂ ತಗೋಳಲಿಲ್ವಾ?" ಎಂದಳು.

"ಇಲ್ಲ ಕಣೇ. ನೀನೇ ನೋಡಿದೆಯಲ್ಲ."

ಅವಳು ದಿಂಬಿನ ಕೆಳಗೆ ಕೈ ಹಾಕಿ ಒಂದು ಕರವಸ್ತ್ರದ ಗಂಟು ತೆಗೆದಳು. ಬಿಚ್ಚಿದಳು. ಅದರಲ್ಲಿ ಅವಳ ಮದುವೆಯ ಬೆಳ್ಳಿ ಓಲೆಗಳಿದ್ದವು. ಒಂದನ್ನು ಹಾಕಿಕೊಂಡಳು. ಇನ್ನೊಂದರ ಕೊಕ್ಕೆ ಕಿವಿಯ ತೂತಿಗೆ ಸಿಗಲಿಲ್ಲ. ನಾನು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಎದ್ದು ಹೋಗಿ ಅದನ್ನು ಅವಳ ಕಿವಿಗೆ ಹಾಕಿದೆ. ಆ ಸಂಜೆ ನಾನು ಗೋಡೆಯ ಕಡೆ ತಿರುಗಿ ಮಲಗಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ! ನಿಮ್ಮ ಹೆಸರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ನೋಂದಣಿಯಾಗಿದೆಯೇ? ನಾಳೆಯೇ ಹೋಗಿ ವಿಚಾರಿಸಿ. ನರ್ಸ್ ಇಲ್ಲದಿದ್ದರೆ, ಔಷಧಿ ಇಲ್ಲದಿದ್ದರೆ ಊರಿನ ಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಕೇಳಿ. ಕೇಳುವುದು ಸೊಕ್ಕಲ್ಲ. ನಿಮ್ಮ ಊರಿನಲ್ಲಿ ಒಬ್ಬರೇ ಇರುವವರ ಮನೆ ಯಾವುದು ಎಂದು ನಿಮಗೆ ಗೊತ್ತೇ ಇರುತ್ತದೆ. ಇವತ್ತು ಅವರ ಬಾಗಿಲು ತಟ್ಟಿ, "ಎಲ್ಲಿ ನೋವು?" ಎಂದು ಕೇಳಿ. ಅವರು "ಏನೂ ಇಲ್ಲ" ಎನ್ನುತ್ತಾರೆ. ನಂಬಬೇಡಿ, ಒಳಗೆ ಹೋಗಿ ಕೂತುಕೊಳ್ಳಿ.